ಐದು ಸಾಲಿನ ಚೀಟಿ

ಆಗಸ್ಟ್ 3, ಸೋಮವಾರ

ಮೂವತ್ತೆಂಟು ಡಬ್ಬಿ ತುಂಬಿ ಮುಗಿಸಿದೆ. ಬೆನ್ನು ನೆಟ್ಟಗಾಗುತ್ತಿಲ್ಲ. ಪಿಟೀಲು, ಚೆಲ್ಲೋ ನುಡಿಸುವ ಇಪ್ಪತ್ತಾರು ಮಕ್ಕಳಿಗೆ ತಲಾ ಒಂದು ಬಿಲ್ಲೆ ರಾಳ, ಒಂದು ಹೆಚ್ಚುವರಿ ತಂತಿ, ನಾದ ತಗ್ಗಿಸುವ ರಬ್ಬರಿನ ಮ್ಯೂಟು, ಒಂದು ಪೆನ್ಸಿಲ್ಲು. ಊದುವ ಹನ್ನೆರಡು ಮಕ್ಕಳಿಗೆ ವಾದ್ಯದ ಬಾಯಿಗೆ ಕಟ್ಟುವ ರೀಡು, ಗ್ರೀಸು, ಟ್ರಂಪೆಟ್ಟಿನ ಗುಂಡಿಗೆ ಬಿಡುವ ಎಣ್ಣೆ. ಶಾಲೆಯ ವಾದ್ಯಕೋಣೆಯನ್ನು ನೋಡಿಕೊಳ್ಳಲು ಶುರುಮಾಡಿ ಒಂಬತ್ತು ವರ್ಷವಾಯಿತು. ಮಕ್ಕಳು ಬೆನ್ನ ಹಿಂದೆ ನನ್ನನ್ನು ಡಬ್ಬಿ ಮೇಡಂ ಅನ್ನುತ್ತವೆ. ನನಗೆ ಗೊತ್ತಿಲ್ಲ ಅಂದುಕೊಂಡಿವೆ, ಪಾಪ.

ಈ ಸಲ ಹೊಸದೊಂದು ಸೇರಿಸಿದ್ದೇನೆ. ಇಷ್ಟು ದಿನ ಹಳೆಯ ಹತ್ತಿಯ ಬನಿಯನ್ನು ಕತ್ತರಿಸಿ ಒರೆಸುವ ಬಟ್ಟೆ ಅಂತ ಕೊಡುತ್ತಿದ್ದೆ. ಈಗ ಹಳದಿ ಬಟ್ಟೆ ತರಿಸಿದ್ದೇನೆ. ಅದರಲ್ಲೇ ಎಣ್ಣೆ ಇಳಿಸಿರುತ್ತಾರೆ, ಒಮ್ಮೆ ಉಜ್ಜಿದರೆ ಪಿಟೀಲಿನ ಮರ ಫಳಫಳ ಅನ್ನುತ್ತದೆ. ಗೀಚು, ಬೆವರು, ಬಿಸ್ಕತ್ತಿನ ಪುಡಿ ಏನಿದ್ದರೂ ಮಾಯ.

ಸೂಚನೆಯ ಚೀಟಿಯೂ ಹೊಸದೇ. ಹಿಂದೆ ಎರಡು ಪುಟ ಬರೆದು ಕೊಡುತ್ತಿದ್ದೆ, ಒಬ್ಬರೂ ಓದುತ್ತಿರಲಿಲ್ಲ. ಅದರಲ್ಲಿ ವಿಮಾನ ಮಾಡಿ ಹಾರಿಸಿದ್ದನ್ನು ಈ ಕಣ್ಣಾರೆ ನೋಡಿದ್ದೇನೆ. ಈ ಸಲ ಕತ್ತರಿಸಿ ಕತ್ತರಿಸಿ ಐದೇ ಸಾಲಿಗೆ ಇಳಿಸಿದೆ. ಸಂಗೀತದ ಮೇಷ್ಟ್ರು ನೋಡಿ, “ಇದು ಚೀಟಿ ಅಂದ್ರೆ! ಮುತ್ತು ಪೋಣಿಸಿದ ಹಾಗಿದೆ ಮೇಡಂ” ಅಂದರು. ಅವರು ಅಕ್ಷರ ನೋಡಿ ಹೇಳಿದ್ದು. ಆದರೂ ಖುಷಿಯಾಯಿತು.

ಹೆಡ್ ಮೇಡಂ ಇವತ್ತು ಕರೆದು, ನನ್ನನ್ನು ಕಾಯಂ ಮಾಡುವ ಫೈಲು ಈ ಅವಧಿಯಲ್ಲೇ ಮೇಲಕ್ಕೆ ಹೋಗುತ್ತದೆ ಅಂದರು. ಒಂಬತ್ತು ವರ್ಷ ಹಂಗಾಮಿ ಅನ್ನಿಸಿಕೊಂಡದ್ದು ಸಾಕು. ಇನ್ನೆರಡು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಬೇಕು.

ಆಗಸ್ಟ್ 5, ಬುಧವಾರ

ಡಬ್ಬಿ ಹಂಚಿದೆ. ಸಾಲಾಗಿ ನಿಲ್ಲಿ ಅಂದರೆ ಸಂತೆ. ಒಬ್ಬನಿಗೆ ಹಸಿರು ಪೆನ್ಸಿಲ್ಲೇ ಬೇಕು, ಇನ್ನೊಬ್ಬಳಿಗೆ ಗೆಳತಿಯ ರಾಳ ತನ್ನದಕ್ಕಿಂತ ದಪ್ಪ ಕಾಣುತ್ತದೆ. ಎಲ್ಲರ ಬಾಯಿ ಮುಚ್ಚಿಸಿ ಸಹಿ ಹಾಕಿಸಿಕೊಂಡೆ.

ಹದಿನೇಳನೇ ಡಬ್ಬಿಯ ಹುಡುಗಿ ಮಾತ್ರ ನಿಂತಲ್ಲೇ ಚೀಟಿ ಬಿಚ್ಚಿ ಓದತೊಡಗಿದಳು. ಏಳನೇ ಕ್ಲಾಸು, ಪಿಟೀಲಿನವರ ಮುಂದಾಳು. ಸೆಪ್ಟೆಂಬರ್ ಹನ್ನೆರಡರ ಸಂಗೀತ ಕಛೇರಿಯಲ್ಲಿ ಮೊದಲ ತುಣುಕನ್ನು ಒಬ್ಬಳೇ ನುಡಿಸಿ, ಆಮೇಲೆ ಉಳಿದವರು ಸೇರಿಕೊಳ್ಳಬೇಕು. ಹಿಂದಿನ ಸಾಲೆಲ್ಲ ಕಾಯುತ್ತಿದೆ, ಇವಳು ತುಟಿ ಆಡಿಸುತ್ತ ಓದುತ್ತಿದ್ದಾಳೆ.

“ಮೇಡಂ, ಕಮಾನನ್ನೂ ಒರೆಸ್ಬೇಕಾ?”

“ಚೀಟೀಲಿ ಏನಿದೆ?”

“ಪಿಟೀಲು, ಕಮಾನು ಎರಡನ್ನೂ ಚೆನ್ನಾಗಿ ಒರೆಸಿ ಅಂತ.”

“ಮತ್ತೆ? ಮುಂದೆ ಹೋಗು.”

ಓದದಿದ್ದರೆ ಓದಲಿಲ್ಲ, ಓದಿದರೆ ಪ್ರಶ್ನೆ.

ಆಗಸ್ಟ್ 13, ಗುರುವಾರ

ಮೇಷ್ಟ್ರು ಬೆಳಿಗ್ಗೆಯೇ ಬಂದರು. “ಮೇಡಂ, ಈ ಸಲದ ರಾಳ ಯಾಕೋ ಸರಿ ಇಲ್ಲ. ಎಷ್ಟು ಹಚ್ಚಿದ್ರೂ ಕಮಾನು ಜಾರ್ತಾ ಇದೆ. ನಾದಾನೇ ಹುಟ್ತಿಲ್ಲ.”

ಕಮಾನಿನ ಕಡ್ಡಿಗೆ ಬಿಗಿದಿರುವುದು ಕುದುರೆ ಬಾಲದ ಕೂದಲು. ಅದಕ್ಕೆ ರಾಳ ಹಚ್ಚಿದರೆ ತಂತಿಯನ್ನು ಹಿಡಿದು ಎಳೆಯುತ್ತದೆ, ಆಗಲೇ ಸ್ವರ. ಇವತ್ತು ನಾನೂ ಹೋಗಿ ಕೇಳಿದೆ. ಇಪ್ಪತ್ತಾರು ಕಮಾನು ಆಡುತ್ತಿವೆ, ಗಂಟಲು ಕಟ್ಟಿದವರು ಪಿಸುಗುಟ್ಟುವ ಹಾಗೆ ಒಂದು ಶಬ್ದ. ಮೈ ಉರಿಯಿತು. ರಾಳದ ಕಂಪನಿಯವನಿಗೆ ಫೋನು ಮಾಡಿ ನೀರಿಳಿಸಿದೆ.

ಆಗಸ್ಟ್ 17, ಸೋಮವಾರ

ಕಂಪನಿಯವನು ಹೊಸ ರಾಳ ಕಳಿಸಿದ. ಅದೂ ಅಷ್ಟೇ. “ಅಮ್ಮಾ, ಇದೇ ರಾಳ ಇನ್ನೂ ಹತ್ತು ಶಾಲೆಗೆ ಕೊಟ್ಟಿದೀನಿ, ಎಲ್ಲೂ ತಕರಾರಿಲ್ಲ” ಅಂತ ಆಣೆ ಮಾಡುತ್ತಾನೆ. ಆಣೆ ಮಾಡುವವರನ್ನು ನಾನು ನಂಬುವುದಿಲ್ಲ. ಮಕ್ಕಳು ಉಜ್ಜಿ ಉಜ್ಜಿ ನೆಲವೆಲ್ಲ ಬಿಳಿ ಪುಡಿ. ಕಛೇರಿಗೆ ನಾಲ್ಕು ವಾರವೂ ಇಲ್ಲ.

ಆಗಸ್ಟ್ 20, ಗುರುವಾರ

ಗೊತ್ತಾಯಿತು. ರಾಳದ್ದಲ್ಲ ತಪ್ಪು.

ಅಭ್ಯಾಸ ಮುಗಿದು ಮಕ್ಕಳು ವಾದ್ಯ ಎತ್ತಿಡುತ್ತಿದ್ದರು. ನಾನು ಸ್ವರದ ಹಾಳೆ ಇಡುವ ಸ್ಟ್ಯಾಂಡು ಎಣಿಸುತ್ತ ಅಲ್ಲೇ ಇದ್ದೆ. ಹದಿನೇಳನೇ ಡಬ್ಬಿಯ ಹುಡುಗಿ ಹಳದಿ ಬಟ್ಟೆ ತೆಗೆದು ಕಮಾನಿನ ಕೂದಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೀಟಾಗಿ ಒರೆಸಿದಳು. ಮೇಷ್ಟ್ರು ಕಿರುಚಿದ್ದು ಕಾರಿಡಾರಿನ ಆ ತುದಿಗೆ ಕೇಳಿರಬೇಕು.

“ಏಯ್! ಏನ್ಮಾಡ್ತಾ ಇದೀಯ! ಎಣ್ಣೆ ಬಟ್ಟೇಲಿ ಕೂದಲು ಒರೆಸ್ತಾರಾ ಯಾರಾದ್ರೂ? ಯಾರ್ಯಾರು ಹೀಗ್ ಮಾಡಿದೀರ?”

ಎಲ್ಲರೂ ಮಾಡಿದ್ದರು. ಯಾರು ಕಲಿಸಿದ್ದು ಅಂದಾಗ ಇಪ್ಪತ್ತೈದು ಬೆರಳು ಅವಳ ಕಡೆ ತಿರುಗಿದವು. ಮುಂದಾಳಲ್ಲವೇ, ಮೊದಲ ದಿನವೇ ಎಲ್ಲರಿಗೂ ತೋರಿಸಿಕೊಟ್ಟಿದ್ದಳಂತೆ.

“ಚೀಟೀಲಿ ಹಾಗಿತ್ತು ಸರ್” ಅಂದಳು. ತನ್ನ ಚೀಟಿ ತೆಗೆದು ಕೊಟ್ಟಳು. ಮೇಷ್ಟ್ರು ಓದಿದರು. “ಕಮಾನು ಅಂತ ಇದೆ. ಕೂದಲು ಅಂತ ಎಲ್ಲಿದೆ?” ಅಂದವರು ನನ್ನ ಕಡೆ ತಿರುಗಿ, “ಏನ್ ಮೇಡಂ ಇದು?” ಅಂದರು.

ನಾನು, “ಕಮಾನು ಒರೆಸೋದು ಅಂದ್ರೆ ಕಡ್ಡಿ ಒರೆಸೋದು ಸರ್. ಅದು ಎಲ್ರಿಗೂ ಗೊತ್ತಿರೋ ವಿಷ್ಯ” ಅಂದೆ.

ಅಷ್ಟೇ ಅಂದದ್ದು. ಮೇಷ್ಟ್ರು ಹೌದೆಂದು ತಲೆಯಾಡಿಸಿ ಅವಳ ಮೇಲೆ ಬಿದ್ದರು. ಅತಿ ಬುದ್ಧಿವಂತಿಕೆ, ಕೇಳದೇ ಮಾಡುವ ಚಾಳಿ, ಹೀಗೆ ಏನೇನೋ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ‘ಡಬ್ಬಿ ಕೊಟ್ಟ ದಿನ ಕೇಳಿದ್ದೆ’ ಅಂತ ಹೇಳಬಹುದಿತ್ತು. ಹೇಳಲಿಲ್ಲ.

ಕೋಣೆಗೆ ಬಂದು ಬೀರುವಿನಿಂದ ಹಳೆಯ ಎರಡು ಪುಟದ ಸೂಚನೆ ತೆಗೆದೆ. ಗೋಡೆ ಗಡಿಯಾರದಲ್ಲಿ ನಾಲ್ಕೂವರೆ. ಎರಡನೇ ಪುಟದಲ್ಲಿ ನನ್ನದೇ ಮುತ್ತಿನಂಥ ಅಕ್ಷರ: ‘ಕಮಾನಿನ ಕಡ್ಡಿಯನ್ನು ಮಾತ್ರ ಒರೆಸಿ. ಕೂದಲಿಗೆ ಕೈಯನ್ನೂ ಬಟ್ಟೆಯನ್ನೂ ತಾಗಿಸಬೇಡಿ.’ ಐದು ಸಾಲಿಗೆ ಇಳಿಸುವಾಗ ಕಡ್ಡಿಯೂ ಹೋಯಿತು, ಕೂದಲೂ ಹೋಯಿತು, ಕಮಾನು ಮಾತ್ರ ಉಳಿಯಿತು. ಬಟ್ಟೆಯಲ್ಲಿ ಎಣ್ಣೆ ಇದೆ ಅಂತಲೂ ಬರೆದಿರಲಿಲ್ಲ.

ಹಳೆಯ ಹಾಳೆಯನ್ನು ಮಡಿಸಿ ಬೀರುವಿನ ತಳದಲ್ಲಿಟ್ಟೆ.

ಆಗಸ್ಟ್ 21, ಶುಕ್ರವಾರ

ಬರೆಯುವಂಥದ್ದು ಏನೂ ನಡೆಯಲಿಲ್ಲ.

ಆಗಸ್ಟ್ 22, ಶನಿವಾರ

ಮನೆಯಲ್ಲಿ ಇವರ ಜೊತೆ ಜಗಳವಾಯಿತು. ಇವರಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಇಪ್ಪತ್ತು ವರ್ಷದಿಂದ ಮಾತ್ರೆಯ ಲಕೋಟೆಯ ಮೇಲೆ ನುಂಗುವ ಹೊತ್ತು ಬರೆದುಕೊಡುತ್ತಾರೆ. ಚೀಟಿ ತೋರಿಸಿ, ಇದರಲ್ಲಿ ತಪ್ಪೇನಿದೆ ಹೇಳಿ ಅಂದೆ. ಇಲ್ಲ ಅನ್ನಲಿ ಅಂತಲೇ ಕೇಳಿದ್ದು.

ಎರಡು ಸಲ ಓದಿದರು. “ಕಮಾನು ಅಂದ್ರೆ ಯಾವ್ದು?”

ತೊಳೆದು ನೋಡೋಣವೆಂದು ತಂದಿದ್ದ ಕಮಾನು ಮೇಜಿನ ಮೇಲಿತ್ತು. ನೀವೇ ಹೇಳಿ ಅಂದೆ. ಪಿಟೀಲಿನ ಗಂಧಗಾಳಿಯಿಲ್ಲದ ಮನುಷ್ಯ ಸೀದಾ ಕೂದಲಿಗೇ ಕೈ ಹಾಕಿದರು. “ಇದಲ್ವಾ? ಇದೇ ತಾನೇ ನುಡಿಸೋದು?”

“ಅದಲ್ಲ! ಅದನ್ನ ಮುಟ್ಲೇಬಾರ್ದು!”

“ಮುಟ್ಬಾರ್ದು ಅಂತ ಬರೆದಿಲ್ವಲ್ಲೇ. ನಾವು ಹೀಗೆ ಬರೆದ್ರೆ ಜನ ಕಣ್ಣಿಗೆ ಬಿಡೋ ಹನೀನ ಮೂಗಿಗೆ ಬಿಟ್ಕೊಂಡು ಬರ್ತಾರೆ. ಬಂದು ನಮ್ಮನ್ನೇ ಬೈತಾರೆ. ಬೈಸ್ಕೋತೀವಿ.”

ನಿಮಗೇನು ಗೊತ್ತು ನನ್ನ ಕಷ್ಟ, ಕಾಯಂ ಆಗುವ ಹೊತ್ತಿಗೆ ಇದೇನು ಕರ್ಮ ಅಂತ ಕೂಗಾಡಿದೆ. ಇವರು ಅಂಗಡಿಗೆ ಹೋಗಿ ಒಂದು ಬಾಟಲಿ ಸ್ಪಿರಿಟ್ ತಂದರು. “ಗಾಯಕ್ಕೆ ಹಚ್ಚೋದಲ್ಲ ಇದು, ಅದ್ರಲ್ಲಿ ಹರಳೆಣ್ಣೆ ಸೇರ್ಸಿರ್ತಾರೆ, ಇನ್ನೂ ಕೆಡುತ್ತೆ. ಇದು ಶುದ್ಧದ್ದು. ಎಣ್ಣೆ ಬಿಡ್ಸುತ್ತೆ ನೋಡು” ಅಂದರು. ಕಮಾನಿನ ತಿರುಪು ಸಡಿಲಿಸಿ, ಕಡ್ಡಿಯ ಬಣ್ಣ ಎದ್ದುಹೋಗದಂತೆ ಪ್ಲಾಸ್ಟಿಕ್ ಸುತ್ತಿ, ಕೂದಲನ್ನಷ್ಟೇ ಅದ್ದಿ ತೊಳೆದೆವು. ಒಣಗಿದ ಮೇಲೆ ಬಾಚಣಿಗೆಯಲ್ಲಿ ಬಾಚಿ ರಾಳ ಹಚ್ಚಿದೆ. ಹಿಡಿಯಿತು! ಸ್ವರ ಬಂತು. ನನಗೆ ಅಳು ಬಂತು. ಸಂತೋಷಕ್ಕೆ ಅಂತಲೇ ಅಂದುಕೊಳ್ಳುತ್ತೇನೆ.

ಆಗಸ್ಟ್ 24, ಸೋಮವಾರ

ಇಪ್ಪತ್ತಾರೂ ಕಮಾನನ್ನು ತೊಳೆಯಲು ಕೂತೆ. ಕಿಟಕಿಯೆಲ್ಲ ತೆರೆದರೂ ಸ್ಪಿರಿಟ್ಟಿನ ವಾಸನೆಗೆ ತಲೆ ಚಿಟ್ಟು ಹಿಡಿಯಿತು. ಮೇಷ್ಟ್ರು, “ನೀವಿಲ್ದೇ ಹೋಗಿದ್ರೆ ನಮ್ಮ ಗತಿ ಏನು ಮೇಡಂ” ಅಂದರು, ಅದೂ ಹೆಡ್ ಮೇಡಂ ಎದುರಿಗೆ. ಅವರು ನನ್ನ ಬೆನ್ನು ತಟ್ಟಿದರು. ತಟ್ಟಿದ ಜಾಗ ಇನ್ನೂ ಭಾರವಾಗಿದೆ.

ಊಟದ ಬಿಡುವಿನಲ್ಲಿ ಹದಿನೇಳನೇ ಡಬ್ಬಿಯವಳು ಬಂದು ಬಾಗಿಲಲ್ಲಿ ನಿಂತಳು. “ನಾನೂ ತೊಳೀಲಾ ಮೇಡಂ?” ನಾನು ಬಾಯಿ ತೆರೆಯುವ ಮೊದಲೇ ಒಳಗಿದ್ದ ಮಕ್ಕಳು, “ಏ ಎಣ್ಣೆ, ಮುಟ್ಬೇಡ! ಎಣ್ಣೆ ಬಂತು, ಎಣ್ಣೆ ಬಂತು!” ಅಂತ ಕೂಗಿ ನಕ್ಕವು. ಅವಳೂ ಒಂದಿಷ್ಟು ನಕ್ಕ ಹಾಗೆ ಮಾಡಿ ಹೋದಳು.

ನಾನು ಬಾಚಣಿಗೆ ಹಿಡಿದುಕೊಂಡು ಕೂತಿದ್ದೆ. ಗದರಿಸಬೇಕಿತ್ತು. ಬಾಯಿ ತೆರೆದರೆ ಏನೇನು ಆಚೆ ಬರುತ್ತದೋ ಅನ್ನಿಸಿತು.

ಆಗಸ್ಟ್ 28, ಶುಕ್ರವಾರ

ಕಮಾನುಗಳೆಲ್ಲ ಸರಿಯಾದವು. ಐದನ್ನು ಮೂರು ಮೂರು ಸಲ ತೊಳೆಯಬೇಕಾಯಿತು.

ಮೊದಲ ತುಣುಕನ್ನು ಬೇರೆಯವರಿಗೆ ಕೊಡಿ ಅಂತ ಅವಳೇ ಹೋಗಿ ಮೇಷ್ಟ್ರಿಗೆ ಹೇಳಿದಳಂತೆ. ಇವತ್ತು ಅಭ್ಯಾಸಕ್ಕೂ ಬರಲಿಲ್ಲ. ಇನ್ನೊಬ್ಬ ಹುಡುಗ ನುಡಿಸಿದ, ಚೆನ್ನಾಗಿಯೇ ನುಡಿಸಿದ. ತಪ್ಪು ಹುಡುಕಲು ಕಿವಿ ಕೊಟ್ಟು ಕೇಳಿದೆ, ಸಿಗಲಿಲ್ಲ.

ಇಷ್ಟು ವರ್ಷ ಯಾರೂ ಚೀಟಿ ಓದುವುದಿಲ್ಲ ಅಂತ ಗೋಳಾಡಿದೆ. ಓದಿದವಳು ಅವಳೊಬ್ಬಳೇ.

ಸೆಪ್ಟೆಂಬರ್ 1, ಮಂಗಳವಾರ

ಆ ಹುಡುಗಿಯ ತಾಯಿ ಬಂದಿದ್ದರು. ಲಾಂಡ್ರಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ನಿಂತೇ ಇದ್ದರು, ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. ಹದಿನೇಳನೇ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

“ಬೇರೆ ಮಗುಗೆ ಕೊಡಿ ಮೇಡಂ. ಇವ್ಳು ಮುಟ್ತಾ ಇಲ್ಲ.”

“ಯಾಕಂತೆ?”

“ತನ್ನ ಕೈಯಲ್ಲೇ ಎಣ್ಣೆ ಇದೆ ಅಂತಾಳೆ. ಮುಟ್ಟಿದ್ದೆಲ್ಲ ಕೆಟ್ಟೋಗುತ್ತೆ ಅಂತಾಳೆ. ದಿನಕ್ಕೆ ಹತ್ತು ಸಲ ಸೋಪು ಹಾಕಿ ತೊಳ್ಕೋತಾಳೆ, ಚರ್ಮ ಬಿರಿದು ಹೋಗಿದೆ. ನಾನು ಎಣ್ಣೆ ಕಲೆ ತೆಗ್ದೇ ಹೊಟ್ಟೆ ಹೊರೆಯೋಳು ಮೇಡಂ. ನಿನ್ನ ಕೈಯಲ್ಲಿ ಏನೂ ಇಲ್ವೇ ಪುಟ್ಟಾ ಅಂದ್ರೆ ನನ್ನ ಮಾತೇ ನಂಬಲ್ಲ.” ಹೊರಡುವಾಗ, “ಅವ್ಳಿಂದ ನಿಮಗೆಲ್ಲ ತುಂಬಾ ತೊಂದರೆ ಆಯ್ತು. ಬೇಜಾರು ಮಾಡ್ಕೋಬೇಡಿ” ಅಂದರು.

ನನ್ನ ಹತ್ತಿರ ಕ್ಷಮೆ ಕೇಳಿ ಹೋದರು.

ಡಬ್ಬಿ ತೆರೆದೆ. ಒಂದೊಂದೂ ಅದರದರ ಜಾಗದಲ್ಲಿ. ಚೀಟಿ ನಾಲ್ಕು ಮಡಿಕೆಯಾಗಿ ತಳದಲ್ಲಿತ್ತು. ನಾಲ್ಕನೇ ಸಾಲಿನಲ್ಲಿ ‘ಎರಡನ್ನೂ ಚೆನ್ನಾಗಿ’ ಅನ್ನುವುದರ ಕೆಳಗೆ ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದಿದ್ದಳು.

ಸೆಪ್ಟೆಂಬರ್ 3, ಗುರುವಾರ

ಮೇಷ್ಟ್ರಿಗೆ ಹೇಳಿದೆ. ಹಳೆಯ ಹಾಳೆ, ಹೊಸ ಚೀಟಿ ಎರಡನ್ನೂ ಮುಂದಿಟ್ಟು, ತಪ್ಪು ನನ್ನದು ಸರ್ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಹೊತ್ತು ನೋಡಿದರು.

“ಈಗ ಯಾಕೆ ಮೇಡಂ ಇದೆಲ್ಲ? ಕಮಾನು ಸರಿಯಾಯ್ತು, ಕಛೇರಿಗೆ ಒಂಬತ್ತು ದಿನ ಇದೆ. ಚೀಟಿ ನೋಡಿ ಚೆನ್ನಾಗಿದೆ ಅಂದೋನು ನಾನೇ ಅಲ್ವಾ? ನನ್ನನ್ನೂ ಕೇಳ್ತಾರೆ. ನಿಮ್ಮ ಫೈಲು ಬೇರೆ ಮೇಲೆ ಹೋಗಿದೆ. ಮಕ್ಕಳು ನಾಲ್ಕು ದಿನಕ್ಕೆ ಮರೀತಾರೆ ಬಿಡಿ. ಮುಂದಿನ ವರ್ಷ ಅವ್ಳಿಗೇ ಕೊಡೋಣ.”

ನಿಜ ಹೇಳಬೇಕೆಂದರೆ ಮನಸ್ಸು ಹಗುರಾಯಿತು. ನಾನು ಹೇಳಿಯಾಯಿತು, ಬೇಡ ಅಂದವರು ಅವರು. ಮನೆಗೆ ಬಂದು ಎರಡು ಲೋಟ ಟೀ ಕುಡಿದೆ. ಇವರು, “ಏನಾಯ್ತು?” ಅಂದರು. “ಎಲ್ಲ ಮುಗೀತು” ಅಂದೆ.

ಸೆಪ್ಟೆಂಬರ್ 5, ಶನಿವಾರ

ಮುಗಿದಿಲ್ಲ.

ಮಧ್ಯಾಹ್ನ ಅಂಗಳದ ನಲ್ಲಿಯ ಹತ್ತಿರ ಅವಳು ಒಬ್ಬಳೇ ನಿಂತು ಕೈ ತೊಳೆಯುತ್ತಿದ್ದಳು. ಬೆರಳ ಸಂದಿ, ಉಗುರಿನ ಬುಡ, ಮತ್ತೆ ಬೆರಳ ಸಂದಿ. ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಬೆಚ್ಚಿ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಏನಿಲ್ಲ ಮೇಡಂ.”

“ಕೈ ತೋರಿಸು.”

ತೋರಿಸಲಿಲ್ಲ. ನೀರು ಅವಳ ಲಂಗದ ಹಿಂದೆ ತೊಟ್ಟಿಕ್ಕುತ್ತಿತ್ತು. ನನ್ನನ್ನು ಕಂಡು ಹೆದರಿದ್ದಳು. ಮಕ್ಕಳು ನನಗೆ ಹೆದರಬೇಕು ಅಂತ ಒಂಬತ್ತು ವರ್ಷ ಅಂದುಕೊಂಡಿದ್ದೇನೆ. ಹೀಗೆ ಹೆದರಲಿ ಅಂತಲ್ಲ.

ಸಂಜೆ ಲಾಂಡ್ರಿಗೆ ಹೋಗಿ ತಾಯಿಯನ್ನು ಕಂಡೆ. ಸೋಮವಾರ ಅಭ್ಯಾಸದ ಹೊತ್ತಿಗೆ ಮಗಳನ್ನು ಹೇಗಾದರೂ ಮಾಡಿ ಕಳಿಸಿ, ನುಡಿಸುವುದು ಬೇಡ, ಬಂದು ನಿಂತರೆ ಸಾಕು ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ.

ಸೆಪ್ಟೆಂಬರ್ 7, ಸೋಮವಾರ

ಹೇಳಿದೆ. ಎಲ್ಲರ ಎದುರು.

ಮೇಷ್ಟ್ರಿಗೆ ಮೊದಲೇ ತಿಳಿಸಿರಲಿಲ್ಲ. ಅಭ್ಯಾಸದ ಮಧ್ಯೆ ಕೈ ಎತ್ತಿ, ಮಕ್ಕಳ ಹಾಗೆ, ಐದು ನಿಮಿಷ ಕೊಡಿ ಸರ್ ಅಂದೆ. ಅವಳು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು. ನಾನು ಒಂದು ಸ್ಟ್ಯಾಂಡು ಹಿಡಿದುಕೊಂಡು ನಿಂತೆ.

ಕಮಾನು ಹಾಳಾದದ್ದು ನನ್ನ ಚೀಟಿಯಿಂದ ಅಂದೆ. ಕಡ್ಡಿಯನ್ನು ಮಾತ್ರ ಒರೆಸಿ, ಕೂದಲು ಮುಟ್ಟಬೇಡಿ ಅನ್ನುವ ಮಾತನ್ನು ನಾನೇ ಕತ್ತರಿಸಿ ಹಾಕಿದ್ದೆ. ಬಟ್ಟೆಯಲ್ಲಿ ಎಣ್ಣೆ ಇದೆ ಅಂತ ಯಾರಿಗೂ ಹೇಳಿರಲಿಲ್ಲ. ಡಬ್ಬಿ ಕೊಡುವಾಗ ಇವಳು ಬಂದು ಕೇಳಿದಳು, ನಾನು ಗದರಿಸಿ ಕಳಿಸಿದೆ. ಇವಳು ಮಾಡಿದ್ದು ಒಂದೇ, ನಾನು ಬರೆದದ್ದನ್ನು ಬರೆದ ಹಾಗೇ ಮಾಡಿದಳು. ಮೊನ್ನೆ ಹಳೆಯ ಹಾಳೆ ಕೈಗೆ ಸಿಕ್ಕಿದಾಗ ನನಗೆ ಗೊತ್ತಾಯಿತು, ಅದಕ್ಕೇ ಇವತ್ತು ಹೇಳುತ್ತಿದ್ದೇನೆ ಅಂದೆ. ಬಾಯಿಗೆ ಹಾಗೆ ಬಂತು. ಮುಖ್ಯವಾದದ್ದೆಲ್ಲ ಹೇಳಿದ ಮೇಲೆ ಅದೇನು ದೊಡ್ಡ ವಿಷಯವಲ್ಲ.

ಒಬ್ಬ ಟ್ರಂಪೆಟ್ಟಿನವನು ಎದ್ದು ನಿಂತು, “ಹಾಗಾದ್ರೆ ಎಣ್ಣೆ ಅಂತ ನಿಮ್ಮನ್ನ ಕರೀಬೇಕಾ ಮೇಡಂ?” ಅಂದ. ಎಲ್ಲ ಗೊಳ್ಳೆಂದವು. “ಕರೀರಿ. ಅವ್ಳನ್ನ ಕರೆದ್ರೆ ಮಾತ್ರ ಇವತ್ತಿಂದ ರೀಡಿಲ್ಲ, ರಾಳ ಇಲ್ಲ, ಪೆನ್ಸಿಲ್ಲೂ ಇಲ್ಲ” ಅಂದೆ.

ಅವಳು ನಗಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದಳು.

“ಹಾಗಾದ್ರೆ ನಾನು ಸರಿಯಾಗೇ ಓದಿದ್ನಾ ಮೇಡಂ?”

“ಸರಿಯಾಗೇ ಓದಿದ್ದೆ ಕಣಮ್ಮ. ಸರಿಯಾಗಿ ಬರೀದೇ ಇದ್ದೋಳು ನಾನು.”

ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬೆರಳ ಗೆಣ್ಣುಗಳೆಲ್ಲ ಬಿರಿದಿದ್ದವು. ನಾನು ಡಬ್ಬಿ ಕೊಟ್ಟೆ, ತೆಗೆದುಕೊಂಡಳು.

ಸೆಪ್ಟೆಂಬರ್ 8, ಮಂಗಳವಾರ

ಹೆಡ್ ಮೇಡಂ ಕರೆಸಿದರು. ಬೈಯಲಿಲ್ಲ, ಅದೇ ಕಷ್ಟವಾಯಿತು. ಇನ್ನು ಮುಂದೆ ನನ್ನ ಕೋಣೆಯಿಂದ ಹೋಗುವ ಪ್ರತಿ ಕಾಗದವನ್ನೂ ಅವರು ನೋಡಬೇಕು. ಕಾಯಂ ಫೈಲನ್ನು ವಾಪಸು ತರಿಸಿಕೊಂಡಿದ್ದಾರೆ. “ಇನ್ನೊಂದು ವರ್ಷ ನೋಡೋಣ” ಅಂದರು. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಸ್ಟ್ಯಾಂಡು ಬೇಕಾದರೆ ಮಕ್ಕಳ ಕೈಯಲ್ಲಿ ಹೇಳಿ ಕಳಿಸುತ್ತಾರೆ.

ಹೊಟ್ಟೆ ಉರಿಯಿತು, ಸುಳ್ಳೇಕೆ. ಆದರೆ ಮೂರು ಗಂಟೆಗೆ ಸಭಾಂಗಣದಿಂದ ಒಂಟಿ ಪಿಟೀಲಿನ ದನಿ ಕೇಳಿಸಿತು. ಮೊದಲ ತುಣುಕು. ನಮ್ಮ ಹುಡುಗಿಯದೇ. ಆ ಹುಡುಗನೇ ಜಾಗ ಬಿಟ್ಟುಕೊಟ್ಟನಂತೆ. ರೀಡು ಎಣಿಸುತ್ತಿದ್ದವಳು ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಿದೆ.

ಸೆಪ್ಟೆಂಬರ್ 10, ಗುರುವಾರ

ಕೋಣೆಯ ಹೊರಗೆ ಮಕ್ಕಳ ಮಾತು ಕಿವಿಗೆ ಬಿತ್ತು. ಯಾರೋ, “ಎಣ್ಣೆ ಮೇಡಂ ಹತ್ರ ತಂತಿ ಇಸ್ಕೊಂಡು ಬಾ” ಅಂದರು. ತಕ್ಷಣ ಅವಳ ದನಿ:

“ಹಾಗನ್ಬೇಡ್ರೋ. ಗೊತ್ತಾದ ತಕ್ಷಣ ಬಂದು ಎಲ್ರೆದುರು ಹೇಳಿದ್ರಲ್ಲ. ಬೇರೆ ಯಾವ ದೊಡ್ಡವ್ರು ಹೇಳ್ತಾರೆ ಹಾಗೆ? ಅವತ್ತೇ ಗೊತ್ತಾಗಿದ್ದಿದ್ರೆ ಅವತ್ತೇ ಹೇಳ್ತಿದ್ರು.”

ನಾನು ಬೀರುವಿನ ಹಿಂದೆ ನಿಂತುಕೊಂಡೆ. ತಂತಿಗೆ ಬಂದ ಮಗುವಿಗೆ ಯಾವ ತಂತಿ ಕೊಟ್ಟೆನೋ ನೆನಪಿಲ್ಲ.

ಮನೆಗೆ ಬಂದು ಈ ಪುಸ್ತಕ ತೆಗೆದು ನೋಡಿದೆ. ಆಗಸ್ಟ್ 20, ಗುರುವಾರ, ನಾಲ್ಕೂವರೆ. ನನ್ನದೇ ಅಕ್ಷರ. ಅದರ ಮರುದಿನ ಏನೂ ನಡೆಯಲಿಲ್ಲ ಅಂತಲೂ ನಾನೇ ಬರೆದಿದ್ದೇನೆ. ಇವರಿಗೆ ಓದಿ ಹೇಳಿದೆ. “ಇಷ್ಟು ಸಾಲ್ದಾ? ಕೆಲ್ಸಾನೂ ಕಳ್ಕೊಳ್ಳೋ ಹಾಗಾಯ್ತು. ಇನ್ನೂ ಎಷ್ಟು ಹೇಳ್ತೀಯ ಆ ಮಗುಗೆ?” ಅಂದರು. ಪ್ರೀತಿಯಿಂದಲೇ ಅಂದದ್ದು.

ಕಛೇರಿ ಮುಗಿಯಲಿ. ಅದಕ್ಕೆ ಮೊದಲು ಹೇಳಿ ಅವಳ ಕೈ ನಡುಗಿಸಬಾರದು. ಇದು ಅವಳಿಗಾಗಿಯೋ ನನಗಾಗಿಯೋ, ಯೋಚಿಸಿದಷ್ಟೂ ತಿಳಿಯುತ್ತಿಲ್ಲ.

ಸೆಪ್ಟೆಂಬರ್ 12, ಶನಿವಾರ

ನುಡಿಸಿದಳು. ನಾನು ಪಕ್ಕದ ಪರದೆಯ ಹಿಂದೆ ಹೆಚ್ಚುವರಿ ತಂತಿ, ರಾಳ ಹಿಡಿದು ನಿಂತಿದ್ದೆ. ಅದನ್ನು ಹೇಗೆ ನುಡಿಸಿದಳು ಅಂತ ಬರೆಯಲು ನನಗೆ ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಅವಳ ತಾಯಿ ಉಸಿರು ಬಿಗಿಹಿಡಿದು ಕೂತಿದ್ದರು, ಅದು ನನಗೆ ಕಂಡಿತು.

ಮುಗಿದ ಮೇಲೆ ಅವಳು ಓಡಿ ಬಂದು ಪಿಟೀಲಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದಳು. “ಕೇಳಿಸ್ತಾ ಮೇಡಂ? ಒಂದ್ಕಡೇನೂ ಜಾರ್ಲಿಲ್ಲ!” ತಾಯಿಯೂ ಬಂದರು. “ನಿಮ್ಮಂಥೋರು ಇದ್ದಿದ್ದಕ್ಕೆ…” ಅಂತ ಶುರುಮಾಡಿದರು. ಅವರ ಮಾತು ಮುಗಿಯಲು ಬಿಡಲಿಲ್ಲ. ಮುಗಿದಿದ್ದರೆ ಹೇಳುವುದು ನನ್ನ ಕೈಲಿ ಆಗುತ್ತಿರಲಿಲ್ಲ.

“ಒಂದು ಮಾತು ಸುಳ್ಳು ಹೇಳಿದೀನಿ ನಿನಗೆ. ನನಗೆ ಮೊನ್ನೆ ಗೊತ್ತಾಗಿದ್ದಲ್ಲ. ಮೇಷ್ಟ್ರು ನಿನ್ನನ್ನ ಬೈದ ದಿನಾನೇ ಗೊತ್ತಾಯ್ತು. ಅವತ್ತೇ ಸಂಜೆ. ಗೊತ್ತಿದ್ದೂ ಸುಮ್ನಿದ್ದೆ.”

ಅವಳು ಬಗ್ಗಿಕೊಂಡೇ ತಲೆಯೆತ್ತಿ ನನ್ನನ್ನು ನೋಡಿದಳು.

“ಅವತ್ತೇನಾ?”

“ಅವತ್ತೇ.”

“ನಾನು ನಲ್ಲಿ ಹತ್ರ ಕೈ ತೊಳೀತಿದ್ದಾಗ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

ಇನ್ನೊಂದು ಶೂವಿನ ಲೇಸನ್ನು ಕಟ್ಟದೆ ಹಾಗೇ ಎದ್ದಳು. ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೇ ತೆಗೆದುಕೊಂಡಳು. ತಾಯಿಯ ಕೈ ಹಿಡಿದು, “ಬಾ ಅಮ್ಮ” ಅಂದಳು. ತಾಯಿ ಒಮ್ಮೆ ತಿರುಗಿ ನೋಡಿದರು. ಮಗಳು ನೋಡಲಿಲ್ಲ.

ಸೆಪ್ಟೆಂಬರ್ 14, ಸೋಮವಾರ

ಇವತ್ತು ಬರಲಾರಳು ಅಂದುಕೊಂಡಿದ್ದೆ. ಊಟದ ಬಿಡುವಿನಲ್ಲಿ ಬಂದಳು. ಕಛೇರಿಯಲ್ಲಿ ನುಡಿಸಿದ ಪಿಟೀಲನ್ನು ಮೇಜಿನ ಮೇಲಿಟ್ಟಳು. ಎರಡನೇ ತಂತಿಯ ಮೇಲಿನ ಲೋಹದ ಸುತ್ತು ಬಿಚ್ಚಿಕೊಂಡಿತ್ತು, ಇನ್ನೆರಡು ದಿನ ಬಿಟ್ಟರೆ ಹರಿಯುತ್ತಿತ್ತು.

“ಹೊಸ ತಂತಿ ಬೇಕು.”

ಮೇಡಂ ಅನ್ನಲಿಲ್ಲ. ನಾನು ತಂತಿಯ ಲಕೋಟೆ ತೆಗೆದೆ. ತಂತಿ ಹಾಕುವ ಕ್ರಮದ ಚೀಟಿಯೂ ಇದೆ, ಹೆಡ್ ಮೇಡಂ ನೋಡಿ ಸಹಿ ಹಾಕಿದ್ದು. ಅಭ್ಯಾಸಬಲ, ಕೈ ಅದರ ಕಡೆಗೆ ಹೋಯಿತು.

“ಬರೆದಿದ್ದು ಬೇಡ” ಅಂದಳು. “ಹಾಕಿ ತೋರಿಸಿ.”

ಕುರ್ಚಿ ಎಳೆದು ಕೂತೆ. ಅವಳು ಎದುರು ಕೂರದೆ ನನ್ನ ಪಕ್ಕಕ್ಕೆ ಬಂದು ನಿಂತಳು, ನನ್ನ ಕೈ ಕಾಣುವ ಹಾಗೆ. ಹಳೆಯ ತಂತಿ ಬಿಚ್ಚಿದೆ. ಹೊಸದರ ತುದಿಯನ್ನು ಬಿರಡೆಯ ತೂತಿಗೆ ತೂರಿಸಿ, ಸುತ್ತು ಒಂದರ ಮೇಲೊಂದು ಹತ್ತದಂತೆ ಪಕ್ಕಪಕ್ಕಕ್ಕೆ ಕೂರಿಸಿ ತಿರುಗಿಸಿದೆ. ಎಲ್ಲಿ ಒತ್ತಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಎಲ್ಲ ಹೇಳುತ್ತ ಹೋದೆ. ಅವಳು ಒಂದು ಸಲವೂ ನನ್ನ ಮುಖ ನೋಡಲಿಲ್ಲ. ಕೈಯನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ತಂತಿಯನ್ನು ಬೆರಳಲ್ಲಿ ಮೀಟಿ ನೋಡಿದಳು.

“ಬಿಚ್ಚಿ ಇನ್ನೊಂದ್ಸಲ ತೋರಿಸಿ” ಅಂದಳು.

ಬಿಚ್ಚಿ, ಮೊದಲಿಂದ ತೋರಿಸಿದೆ.